ಒಂದೇ ಸೈನ್ ಅಲೆಗೆ ಮಲ್ಟಿಮೀಟರ್ ಒಂದು ವೋಲ್ಟೇಜ್, ಸ್ಕೋಪ್ ಇನ್ನೊಂದು ವೋಲ್ಟೇಜ್ ತೋರಿಸುವುದೇಕೆ?

ಪ್ರಶ್ನೆ: ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಮೂರನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಬಿ.ಎಚ್. ರಸ್ತೆಯ ಅಂಗಡಿಯೊಂದರಿಂದ ತಂದ 12-0-12 ಟ್ರಾನ್ಸ್‌ಫಾರ್ಮರ್‌ನ ನಡುತಂತಿಗೂ ಒಂದು ತುದಿಗೂ ನಡುವಿನ ವೋಲ್ಟೇಜನ್ನು ಲೋಡ್ ಕೊಡದೆ ಅಳೆದಾಗ ನನ್ನ ಮಲ್ಟಿಮೀಟರ್ 13.4 ವೋಲ್ಟ್ ತೋರಿಸಿತು. ಅದನ್ನೇ ಕಾಲೇಜಿನ ಡಿಜಿಟಲ್ ಸ್ಕೋಪ್‌ಗೆ (ಅಲೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸುವ ಆಸಿಲೋಸ್ಕೋಪ್) ಕೊಟ್ಟರೆ ಪೀಕ್ ಟು ಪೀಕ್, ಅಂದರೆ ಅಲೆಯ ಕೆಳತುದಿಯಿಂದ ಮೇಲ್ತುದಿಯವರೆಗೆ, 36.4 ವೋಲ್ಟ್ ಎಂದು ಬಂತು. ಪಠ್ಯದಲ್ಲಿರುವಂತೆ 2.828ರಿಂದ ಭಾಗಿಸಿದರೆ 12.87 ಆಗುತ್ತದೆ. ಇದು ಮೀಟರ್‌ನ ಅಂಕಿಗೂ ಹೊಂದುವುದಿಲ್ಲ, ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವ 12ಕ್ಕೂ ಹೊಂದುವುದಿಲ್ಲ.

ಬೇಕಾದ ಅಲೆಯನ್ನು ಹುಟ್ಟಿಸಿಕೊಡುವ ಫಂಕ್ಷನ್ ಜನರೇಟರ್‌ನಲ್ಲಿ ಗೊಂದಲ ಇನ್ನೂ ಹೆಚ್ಚಿದೆ. ಅದರಲ್ಲಿ 10 ಕಿಲೋಹರ್ಟ್ಸ್, 2 ವೋಲ್ಟ್ ಪೀಕ್ ಟು ಪೀಕ್ ಎಂದು ಇಟ್ಟರೆ ಸ್ಕೋಪ್ 4 ವೋಲ್ಟ್ ತೋರಿಸುತ್ತದೆ, ಮೀಟರ್ 0.9 ವೋಲ್ಟ್ ಎನ್ನುತ್ತದೆ. ಯಾವುದನ್ನು ನಂಬಬೇಕು? ಜೊತೆಗೆ, ಗೋಡೆಯ ಸಾಕೆಟ್‌ನ 230 ವೋಲ್ಟ್ ಅಲೆಯನ್ನೂ ನೇರವಾಗಿ ಸ್ಕೋಪ್‌ನಲ್ಲಿ ನೋಡುವ ಆಸೆಯಿದೆ. ಅದು ಸಾಧ್ಯವೇ?

ಉತ್ತರ 1: ನಿವೃತ್ತ ಪ್ರಯೋಗಾಲಯ ಬೋಧಕ, ಕೋಲಾರ

ಮೊದಲು ಸಾಕೆಟ್‌ನ ವಿಷಯ, ಏಕೆಂದರೆ ಉಳಿದದ್ದು ನಾಳೆಗೂ ಕಾಯಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಸ್ಕೋಪ್ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪು ಸ್ಕೋಪ್‌ನ ಒಳಗಿನಿಂದಲೇ ಪ್ಲಗ್ಗಿನ ಅರ್ತ್ ಪಿನ್ನಿಗೆ ಸೇರಿರುತ್ತದೆ. ಅದನ್ನು ಫೇಸ್‌ಗೆ ತಾಗಿಸಿದರೆ ನೇರವಾಗಿ ಶಾರ್ಟ್ ಆಗುತ್ತದೆ. ಕೆಲವರು ಇದನ್ನು ತಪ್ಪಿಸಲು ಅರ್ತ್ ಪಿನ್ನನ್ನೇ ಕತ್ತರಿಸುತ್ತಾರೆ, ಆಗ ಸ್ಕೋಪ್‌ನ ಲೋಹದ ಭಾಗಗಳಲ್ಲೆಲ್ಲ 230 ವೋಲ್ಟ್ ಕುಳಿತು ಮುಟ್ಟಿದವರ ಜೀವಕ್ಕೆ ಅಪಾಯವಾಗುತ್ತದೆ. ಅರ್ತ್‌ಗೆ ಸೇರದೆ ಎರಡು ಬಿಂದುಗಳ ನಡುವೆ ಅಳೆಯುವ ಡಿಫರೆನ್ಷಿಯಲ್ ಪ್ರೋಬ್ ಇಲ್ಲದಿದ್ದರೆ ಚಿಂತೆಯಿಲ್ಲ. ನಿಮ್ಮ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಯಲ್ಲಿ ಕಾಣುವುದು ಬಹುಮಟ್ಟಿಗೆ ಅದೇ ಅಲೆ, ಚಿಕ್ಕದಾಗಿ ಮತ್ತು ಸಾಕೆಟ್‌ನ ತಂತಿಯಿಂದ ಪ್ರತ್ಯೇಕವಾಗಿ. ಅಂದಹಾಗೆ, 230 ಎನ್ನುವುದು ಆರ್‌ಎಂಎಸ್ ಮೌಲ್ಯ, ಅಂದರೆ ಅದೇ ರೋಧದಲ್ಲಿ ಅಷ್ಟೇ ಬಿಸಿ ಹುಟ್ಟಿಸುವ ಡಿಸಿ ವೋಲ್ಟೇಜ್. ಆ ಅಲೆಯ ಪೀಕ್ ಸುಮಾರು 325 ವೋಲ್ಟ್, ಪೀಕ್ ಟು ಪೀಕ್ 650.

ಇನ್ನು ಅಂಕಿಗಳಿಗೆ ಬರೋಣ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರುವ 12 ವೋಲ್ಟ್ ಪೂರ್ಣ ಲೋಡ್ ಕೊಟ್ಟಾಗ ಸಿಗಬೇಕಾದದ್ದು. ಲೋಡ್ ಇಲ್ಲದಾಗ ಸುರುಳಿಯ ರೋಧದಲ್ಲಿ ಇಳಿತವಿಲ್ಲದ ಕಾರಣ ಒಂದೆರಡು ವೋಲ್ಟ್ ಹೆಚ್ಚು ಬರುವುದು ಸಹಜ, ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಪೀಕ್ ಟು ಪೀಕ್ ಅನ್ನು 2.828ರಿಂದ ಭಾಗಿಸಿ ಆರ್‌ಎಂಎಸ್ ಪಡೆಯುವ ಸೂತ್ರ ಅಪ್ಪಟ ಸೈನ್ ಅಲೆಗೆ ಮಾತ್ರ ಸಲ್ಲುತ್ತದೆ. ಇಂದು ಮನೆ, ಕಚೇರಿಗಳಲ್ಲಿರುವ ಚಾರ್ಜರ್, ಎಲ್‌ಇಡಿ ಬಲ್ಬು, ಕಂಪ್ಯೂಟರುಗಳ ಪೈಕಿ ಬಹಳಷ್ಟು, ಒಳಗಿನ ಕೆಪಾಸಿಟರ್ ತುಂಬಿಸಿಕೊಳ್ಳಲು ಅಲೆಯ ತುದಿಯಲ್ಲಿ ಮಾತ್ರ ಕರೆಂಟ್ ಎಳೆಯುತ್ತವೆ. ಆ ಕ್ಷಣದಲ್ಲಿ ಲೈನಿನ ರೋಧದಿಂದಾಗಿ ವೋಲ್ಟೇಜ್ ತುಸು ಕುಸಿದು ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ನಿಮ್ಮ ಪರದೆಯ ಮೇಲೆ ಒಂದು ಆವರ್ತವನ್ನು ದೊಡ್ಡದು ಮಾಡಿ ನೋಡಿ. ಪೀಕ್ ಗುಂಡಗಿಲ್ಲದೆ ಮೊಂಡಾಗಿ ಕಾಣಬಹುದು. ಪೀಕ್ ತಗ್ಗಿದರೂ ಉಳಿದ ಅಲೆ ಹಾಗೇ ಇರುವುದರಿಂದ ಆರ್‌ಎಂಎಸ್ ಅಷ್ಟು ತಗ್ಗುವುದಿಲ್ಲ, ಹಾಗಾಗಿ ಪೀಕ್‌ನಿಂದ ಲೆಕ್ಕ ಹಾಕಿದ 12.87 ನಿಜಕ್ಕಿಂತ ಕಡಿಮೆ ಬರುತ್ತದೆ. ಸಾಮಾನ್ಯ ಡಿಜಿಟಲ್ ಸ್ಕೋಪ್‌ನ ವೋಲ್ಟೇಜ್ ನಿಖರತೆಯೇ ಶೇಕಡಾ 3ರ ಆಸುಪಾಸಿನದು ಎಂಬುದನ್ನೂ ಮರೆಯಬೇಡಿ. ನಿಮ್ಮ ಶೇಕಡಾ 4ರ ವ್ಯತ್ಯಾಸದಲ್ಲಿ ಅದರ ಪಾಲೂ ಇರಬಹುದು.

ಸ್ಕೋಪ್‌ನ ಮೆಷರ್ ಮೆನುವಿನಲ್ಲಿ ಆರ್‌ಎಂಎಸ್ ಆರಿಸಿ, ಸಿಕ್ಕರೆ ಪೂರ್ಣ ಆವರ್ತದ ಮೇಲೆ ಲೆಕ್ಕ ಹಾಕುವ ಆಯ್ಕೆಯನ್ನೇ ಬಳಸಿ. ಪರದೆಯ ಮೇಲೆ ಒಂದೂಕಾಲು ಆವರ್ತವಿದ್ದು ಇಡೀ ಪರದೆಯ ಸರಾಸರಿ ತೆಗೆದರೆ ಉತ್ತರ ತಪ್ಪಾಗುತ್ತದೆ. 50 ಹರ್ಟ್ಸ್‌ಗೆ ಆವರ್ತ 20 ಮಿಲಿಸೆಕೆಂಡ್, ಆದ್ದರಿಂದ ಚೌಕಕ್ಕೆ 5 ಮಿಲಿಸೆಕೆಂಡ್ ಇಟ್ಟರೆ ನಾಲ್ಕು ಚೌಕಕ್ಕೆ ಒಂದು ಆವರ್ತ ಕೂರುತ್ತದೆ.

ಉತ್ತರ 2: ಪರೀಕ್ಷಣಾ ಎಂಜಿನಿಯರ್, ವಸಂತನರಸಾಪುರ, ತುಮಕೂರು

ಜನರೇಟರ್ ದುಪ್ಪಟ್ಟು ತೋರಿಸುವುದಕ್ಕೆ ಕಾರಣ ಸರಳ. ಅದರ ಹೊರದಾರಿಯ ಒಳಗೆ 50 ಓಮ್ ರೋಧವಿರುತ್ತದೆ, ಮುಂದೆಯೂ 50 ಓಮ್ ಲೋಡ್ ಇದೆ ಎಂದುಕೊಂಡು ಅದು ಅಂಕಿ ತೋರಿಸುತ್ತದೆ. ನಿಮ್ಮ ಸ್ಕೋಪ್‌ನದ್ದು 1 ಮೆಗಾಓಮ್ ಆದ್ದರಿಂದ ವೋಲ್ಟೇಜ್ ಅರ್ಧಕ್ಕೆ ಹಂಚಿಹೋಗದೆ ಪೂರ್ತಿ 4 ವೋಲ್ಟ್ ಬರುತ್ತದೆ. ಔಟ್‌ಪುಟ್ ಮೆನುವಿನಲ್ಲಿ ಲೋಡ್ ಅನ್ನು ಹೈ-ಝೆಡ್ (ಅತಿ ಹೆಚ್ಚು ರೋಧ) ಎಂದು ಬದಲಿಸಿದರೆ ಎರಡೂ ಹೊಂದುತ್ತವೆ. ಹಾಗಲ್ಲದೆ ಸ್ಕೋಪ್ 40 ಅಥವಾ 0.4 ವೋಲ್ಟ್ ತೋರಿಸಿದ್ದರೆ ಪ್ರೋಬ್‌ನ 10 ಪಟ್ಟು ಸ್ವಿಚ್ಚೂ ಸ್ಕೋಪ್‌ನ ಸೆಟ್ಟಿಂಗೂ ಹೊಂದಿಲ್ಲ ಎಂದು ನಾನು ಅನುಮಾನಿಸುತ್ತಿದ್ದೆ.

ಮೀಟರ್‌ನ 0.9 ಬೇರೆಯೇ ಕಥೆ. 4 ವೋಲ್ಟ್ ಪೀಕ್ ಟು ಪೀಕ್ ಸೈನ್ ಅಲೆಯ ಆರ್‌ಎಂಎಸ್ 1.41, ಆದರೆ ಅಗ್ಗದ ಮಲ್ಟಿಮೀಟರ್‌ಗಳ ಎಸಿ ಅಳತೆ ಸಾಮಾನ್ಯವಾಗಿ ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ಖಾತರಿ. ಕೈಪಿಡಿಯ ಕೊನೆಯ ಪುಟದಲ್ಲಿ 40 ರಿಂದ 400 ಹರ್ಟ್ಸ್ ಎಂಬಂತಹ ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಜನರೇಟರ್‌ನ ಆವೃತ್ತಿಯನ್ನು 50 ಹರ್ಟ್ಸ್‌ಗೆ ಇಳಿಸಿ ನಿಧಾನವಾಗಿ ಏರಿಸುತ್ತಾ ಹೋಗಿ, ಮೀಟರ್ ಎಲ್ಲಿಂದ ಸುಳ್ಳು ಹೇಳಲು ಶುರುಮಾಡುತ್ತದೆ ಎಂಬುದನ್ನು ನೀವೇ ಗುರುತು ಹಾಕಿಕೊಳ್ಳಬಹುದು.

ಉತ್ತರ 3: ಇನ್ವರ್ಟರ್ ರಿಪೇರಿ ಮಾಡುವವನು, ಚಿಂತಾಮಣಿ

ಮೇಲಿನ ಇಬ್ಬರೂ ಬಿಟ್ಟ ಒಂದು ಮಾತನ್ನು ನನ್ನ ಸ್ವಂತ ತಪ್ಪಿನಿಂದ ಹೇಳುತ್ತೇನೆ. ಸಾಮಾನ್ಯ ಮೀಟರ್ ಆರ್‌ಎಂಎಸ್ ಅಳೆಯುವುದೇ ಇಲ್ಲ. ಅದು ಅಲೆಯನ್ನು ರೆಕ್ಟಿಫೈ ಮಾಡಿ ಸರಾಸರಿ ತೆಗೆದು, ಸೈನ್ ಅಲೆಯೇ ಇರಬೇಕೆಂದು ನಂಬಿ 1.11ರಿಂದ ಗುಣಿಸುತ್ತದೆ. ಹಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಯೊಂದರಿಂದ ಚೌಕ ಅಲೆಯ ಇನ್ವರ್ಟರ್ ಬಂದಿತ್ತು. ಅದರ ಅಲೆ 325 ವೋಲ್ಟ್ ಎತ್ತರಕ್ಕೆ ಅರ್ಧ ಕಾಲ ನಿಂತು ಉಳಿದರ್ಧ ಸೊನ್ನೆಯಲ್ಲಿರುತ್ತಿತ್ತು, ಅಂದರೆ ನಿಜವಾದ ಆರ್‌ಎಂಎಸ್ ಸರಿಯಾಗಿ 230. ನನ್ನ ಮೀಟರ್ 180 ತೋರಿಸಿತು. ನಾನು ವೋಲ್ಟೇಜ್ ಕಡಿಮೆಯಾಗಿದೆ ಎಂದುಕೊಂಡು 230 ಬರುವವರೆಗೆ ಪಲ್ಸ್ ಅಗಲದ ಪ್ರೀಸೆಟ್ ತಿರುಗಿಸಿದೆ. ಅಸಲು ವೋಲ್ಟೇಜ್ 260ಕ್ಕೆ ಏರಿ, ವಾರದೊಳಗೆ ಅವರ ಮನೆಯ ಬಲ್ಬುಗಳೆಲ್ಲ ಹೋದವು. ಬಲ್ಬುಗಳ ದುಡ್ಡು ಕೊಟ್ಟ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಟ್ರೂ ಆರ್‌ಎಂಎಸ್ ಮೀಟರ್ ಕೊಂಡದ್ದು. ನೀವು ಸೈನ್ ಅಲೆಯನ್ನೇ ಅಳೆಯುವವರೆಗೆ ನಿಮ್ಮ ಮೀಟರ್‌ಗೆ ಈ ದೋಷವಿಲ್ಲ. ಜನರೇಟರ್‌ನಲ್ಲಿ ಚೌಕ ಅಲೆಗೆ ಬದಲಿಸಿದರೆ ಅದು ಶೇಕಡಾ 11 ಹೆಚ್ಚು, ತ್ರಿಕೋನ ಅಲೆಗೆ ಸುಮಾರು ಶೇಕಡಾ 4 ಕಡಿಮೆ ತೋರಿಸುವುದನ್ನು ನೋಡಬಹುದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು ಸರ್. ಇಂದು ಪ್ರಯೋಗಾಲಯದಲ್ಲಿ ಪೂರ್ಣ ಆವರ್ತದ ಆರ್‌ಎಂಎಸ್ ನೋಡಿದೆ, 13.3 ವೋಲ್ಟ್ ಬಂತು, ಅಲೆಯ ನೆತ್ತಿ ಮೊಂಡಾಗಿರುವುದೂ ಕಂಡಿತು. ಜನರೇಟರ್‌ನ ಲೋಡ್ ಬದಲಿಸಿದ ಕೂಡಲೇ ಅದರ ಅಂಕಿಯೂ ಸ್ಕೋಪ್‌ನ ಅಂಕಿಯೂ ಒಂದಾದವು. ನನ್ನ ಮೀಟರ್ 800 ಹರ್ಟ್ಸ್‌ವರೆಗೆ ಸರಿಯಾಗಿದ್ದು ಆಮೇಲೆ ಇಳಿಯುತ್ತದೆ; ಅದರ ಹಿಂಬದಿಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದೇನೆ. ಸಾಕೆಟ್‌ನ ಯೋಚನೆಯನ್ನು ಬಿಟ್ಟಿದ್ದೇನೆ.