ಪದ ಬೇಕಾಗಿದೆ (ತುರ್ತು): ‘ಲೋನ್ ಪೇರ್’, ‘ಹೈಬ್ರಿಡೈಸೇಶನ್’

ಸು. ಮ., ಚನ್ನರಾಯಪಟ್ಟಣ

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡಬೇಕು, ಅದಕ್ಕೇ ಅವಸರ. ನಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇದೆ. ಹತ್ತನೇ ತರಗತಿಯ ಹುಡುಗಿಯರು ಬಲೂನು ಕಟ್ಟಿ ಅಣುಗಳ ಆಕಾರ ತೋರಿಸುತ್ತಿದ್ದಾರೆ. ಅವರ ಪಠ್ಯಕ್ಕಿಂತ ಒಂದು ಮೆಟ್ಟಿಲು ಮೇಲಿನ ವಿಷಯ, ಆದರೆ ಅವರೇ ಆರಿಸಿಕೊಂಡದ್ದು.

ಎರಡು ಬಲೂನುಗಳ ಬಾಯಿ ಸೇರಿಸಿ ಕಟ್ಟಿದರೆ ಎದುರುಬದುರಾಗಿ ನೇರ ನಿಲ್ಲುತ್ತವೆ. ಮೂರು ಕಟ್ಟಿದರೆ ಒಂದೇ ಮಟ್ಟದಲ್ಲಿ ಮೂರು ದಿಕ್ಕಿಗೆ. ನಾಲ್ಕು ಕಟ್ಟಿದರೆ ಚಪ್ಪಟೆಯಾಗಿ ಕೂರುವುದೇ ಇಲ್ಲ: ಮೂರು ಕಾಲೂರುತ್ತವೆ, ಒಂದು ಮೇಲಕ್ಕೆ ಏಳುತ್ತದೆ. ಮೇಜಿಗೆ ಒತ್ತಿ ಹಿಡಿದು ಬಿಟ್ಟರೂ ಮತ್ತೆ ಅದೇ ಭಂಗಿ. ಇದು ಮೀಥೇನ್. ನಾಲ್ಕರಲ್ಲಿ ಒಂದನ್ನು ಬಿಚ್ಚಿ ಆ ಜಾಗಕ್ಕೆ ದೊಡ್ಡ ಬಲೂನು ಕಟ್ಟಿದರೆ ಉಳಿದ ಮೂರು ಹತ್ತಿರ ಹತ್ತಿರ ಸರಿಯುತ್ತವೆ, ಅದು ಅಮೋನಿಯ. ಎರಡು ದೊಡ್ಡವು ಕಟ್ಟಿದರೆ ನೀರು.

ಆ ದೊಡ್ಡ ಬಲೂನೇ ‘ಲೋನ್ ಪೇರ್’, ಅಂದರೆ ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ. ಅದಕ್ಕೆ ಅಂಟಿಸುವ ಚೀಟಿಯಲ್ಲಿ ‘ಒಂಟಿ ಜೋಡಿ’ ಅಂತ ಬರೆದಿದ್ದೆ. ಹೆಡ್‌ಮಾಸ್ಟರು ಓದಿ, “ಒಂಟಿ ಆದ್ಮೇಲೆ ಜೋಡಿ ಹೇಗಮ್ಮ?” ಅಂದರು. ಈಗ ಹುಡುಗಿಯರಿಗೂ ಅದನ್ನು ನೋಡಿದರೆ ನಗು. ಫ್ಲೆಕ್ಸಿನ ಕರಡು ಹೀಗಿದೆ:

“ಕಕ್ಷಕಗಳು ಸಂಕರಣಗೊಳ್ಳುವುದರಿಂದ ಅಣುವಿಗೆ ಆಕಾರ ಬರುತ್ತದೆ. ಒಂಟಿ ಜೋಡಿಗಳು ಬಂಧಕೋನವನ್ನು ಕುಗ್ಗಿಸುತ್ತವೆ. ಮೀಥೇನ್ 109.5, ಅಮೋನಿಯ 107, ನೀರು 104.5 ಡಿಗ್ರಿ.”

‘ಲೋನ್ ಪೇರ್’ಗೆ ಬೇರೆ ಪದ ಇದೆಯೆ? ‘ಹೈಬ್ರಿಡೈಸೇಶನ್’ಗೆ, ಅಂದರೆ ಎಲೆಕ್ಟ್ರಾನುಗಳಿರುವ ಕಕ್ಷಕಗಳನ್ನು (ಆರ್ಬಿಟಲ್) ಬೆರೆಸುವುದಕ್ಕೆ, ‘ಸಂಕರಣ’ ಸರಿಯೆ? ಒಂದೊಂದು ಪದ ಕೊಟ್ಟರೆ ಸಾಕು.

*

ಅ. ನಾ., ಮೈಸೂರು

ಏಕಾಕಿ ಯುಗ್ಮ. ಸಂಕರಣ. ಕಕ್ಷಕ. ಹಿಂದಿ ಪಠ್ಯಗಳಲ್ಲೂ ಇವೇ ಇವೆ. ಇದರಲ್ಲಿ ಚರ್ಚಿಸಲು ಏನಿದೆಯೋ ತಿಳಿಯಲಿಲ್ಲ.

*

ಬ. ರಾ., ಶಿವಮೊಗ್ಗ

ಹಿಂದಿ ಪಟ್ಯದಲ್ಲಿದ್ದರೆ ಹಿಂದಿಯವರು ಓದಿಕೊಳ್ಳಲಿ. ‘ಏಕಾಕಿ ಯುಗ್ಮ’ ಅಂತ ಬಲೂನಿನ ಮೇಲೆ ಬರೆದರೆ ಚನ್ನರಾಯಪಟ್ಟಣದ ಮಕ್ಕಳು ಅದನ್ನು ಯಾವುದೋ ಹೋಮದ ಹೆಸರು ಅಂದುಕೊಂಡಾರು.

ಎಲೆಕ್ಟ್ರಾನಿಗೆ ಕಳೆವಣಿ ಎಂಬ ಪದ ಮಿಂಬಲೆಯಲ್ಲಿ (ಇಂಟರ್ನೆಟ್ಟಿನಲ್ಲಿ) ಬಹಳ ದಿನದಿಂದ ಓಡಾಡುತ್ತಿದೆ. ಹೈಬ್ರಿಡೈಸೇಶನ್ನಿಗೆ ಬೆರಕೆ. ಜೋಡಿಯನ್ನೂ ಬಿಡಿ, ಅದು ಮರಾಟಿ-ಹಿಂದಿಗಳಲ್ಲೂ ಇದೆ. ಹಳಗನ್ನಡದಲ್ಲೇ ‘ಜವಳ’ ಎಂಬ ಚೆಂದದ ಪದ ಇದೆ. ಹಾಗಾಗಿ ‘ಒಂಟಿ ಜವಳ’. ಅಚ್ಚಗನ್ನಡ.

*

ಅ. ನಾ., ಮೈಸೂರು

> ಜವಳ... ಅಚ್ಚಗನ್ನಡ

ಯಮ ಜವನಾದ, ಯೋಗಿ ಜೋಗಿಯಾದ, ಯೌವನ ಜವ್ವನವಾಯಿತು, ಯಮಳ ಜವಳವಾಯಿತು. ತದ್ಭವಕ್ಕೆ ಅಚ್ಚಗನ್ನಡದ ಪಟ್ಟ ಕಟ್ಟುವ ಮೊದಲು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಒಮ್ಮೆ ತಿರುವಿ ಹಾಕುವುದು ಒಳ್ಳೆಯದು.

ಅಂದಹಾಗೆ ಮಹಾಪ್ರಾಣ ಬಿಟ್ಟು ಬರೆಯುವವರು ‘ಸಹವೇಲೆನ್ಸೀಯ ಬಂಧ’ವನ್ನು ‘ಸಹವೇಲೆನ್ಸೀಯ ಬಂದ’ ಎಂದು ಬರೆಯುತ್ತಾರಲ್ಲ. ಯಾರು ಬಂದ?

*

ಬ. ರಾ., ಶಿವಮೊಗ್ಗ

ಅದಕ್ಕೇ ‘ಬೆಸುಗೆ’ ಅನ್ನುವುದು.

*

ಗು. ಪಾ., ಧಾರವಾಡ

ಜವಳ ಅಂತ ಬರದ್ರ ಮಂದಿ ಜವಳಿ ಅಂಗಡಿ ಬೋರ್ಡು ಅಂತ ತಿಳಕೊಂಡು ಸೀರಿ ಎಲ್ಲೈತಿ ಅಂತ ಕೇಳ್ತಾರ. ಇನ್ನ ಬೆರಕೆ. ನಮ್ಮ ಕಡೆ ‘ಭಾಳ ಬೆರಕಿ ಅದಾನ’ ಅಂದ್ರ ಮಹಾ ಚಾಲಾಕು ಮನಷ್ಯಾ ಅಂತ. ಮೈಸೂರು ಕಡೆ ಹೋದ್ರ ಬೆರಕೆ ಸೊಪ್ಪು. ನಿಮ್ಮ ಕಕ್ಷಕ ಚಾಲಾಕು ಐತೋ, ಸಾರಿಗೆ ಬೀಳೂದೈತೋ?

*

ವಿ. ಭ., ಮಂಗಳೂರು

ಮೇಡಂ,

ಪದ ಆಮೇಲೆ ನೋಡೋಣ, ಮೊದಲು ನಿಮ್ಮ ವಾಕ್ಯ. ‘ಸಂಕರಣಗೊಳ್ಳುವುದರಿಂದ ಆಕಾರ ಬರುತ್ತದೆ’ ಎಂದು ಫ್ಲೆಕ್ಸಿನಲ್ಲಿ ದಯವಿಟ್ಟು ಹಾಕಬೇಡಿ. ಪಿಯುಸಿ ಉತ್ತರಪತ್ರಿಕೆಗಳಲ್ಲಿ ಇದೇ ವಾಕ್ಯವನ್ನು ಓದಿ ಓದಿ ನನಗೆ ಸಾಕಾಗಿದೆ.

ಇಸವಿಗಳನ್ನು ನೋಡಿದರೇ ತಿಳಿಯುತ್ತದೆ. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುತ್ತವೆ ಎಂದು ವಾಂಟ್ ಹಾಫ್ ಮತ್ತು ಲ ಬೆಲ್ ಬೇರೆಬೇರೆಯಾಗಿ ಹೇಳಿದ್ದು 1874ರಲ್ಲಿ. ಎಲೆಕ್ಟ್ರಾನ್ ಕಂಡದ್ದೇ 1897ರಲ್ಲಿ. ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದು ಲೂಯಿಸ್ 1916ರಲ್ಲಿ ಹೇಳಿದರು. ಲೈನಸ್ ಪೌಲಿಂಗ್ ಸಂಕರಣವನ್ನು ತಂದದ್ದು 1931ರಲ್ಲಿ. ಅವರ ಮುಂದಿದ್ದ ತೊಡಕು ಇಷ್ಟು: ಇಂಗಾಲದ ಮೂರು ಪಿ ಕಕ್ಷಕಗಳು ಒಂದಕ್ಕೊಂದು 90 ಡಿಗ್ರಿಯಲ್ಲಿವೆ, ಎಸ್ ದುಂಡಗಿದೆ, ಅದಕ್ಕೆ ದಿಕ್ಕೇ ಇಲ್ಲ. ಇವುಗಳಿಂದ 109.5 ಡಿಗ್ರಿಯ ನಾಲ್ಕು ಸಮಾನ ಬಂಧ ಎಲ್ಲಿಂದ ಬರಬೇಕು? ಒಂದು ಎಸ್ಸನ್ನೂ ಮೂರು ಪಿಗಳನ್ನೂ ಕೂಡಿಸಿ, ಕಳೆದು, ನಾಲ್ಕು ಸಮಾನ ಕಕ್ಷಕಗಳನ್ನು ಬರೆದರು. ಲೆಕ್ಕ ಹೊಂದಿತು. ಆಕಾರ ಮೊದಲೇ ಗೊತ್ತಿತ್ತು, ಅದಕ್ಕೆ ಹೊಂದುವ ಮಿಶ್ರಣವನ್ನು ಆಮೇಲೆ ಹುಡುಕಿದ್ದು.

ನಿಮ್ಮ ಹುಡುಗಿಯರ ಬಲೂನು ತೋರಿಸುತ್ತಿರುವುದು ಬೇರೆಯೇ ವಿಚಾರ. ಮಧ್ಯದ ಪರಮಾಣುವಿನ ಸುತ್ತ ಇರುವ ಎಲೆಕ್ಟ್ರಾನ್ ಜೋಡಿಗಳು ಒಂದರಿಂದೊಂದು ಆದಷ್ಟು ದೂರ ಸರಿದು ನಿಲ್ಲುತ್ತವೆ ಎಂಬುದು. ಇದನ್ನು ಸಿಜ್‌ವಿಕ್ ಮತ್ತು ಪೊವೆಲ್ 1940ರಲ್ಲಿ ಮುಂದಿಟ್ಟರು, ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ಬೆಳೆಸಿದರು. ಬಂಧದಲ್ಲಿರುವ ಜೋಡಿಯನ್ನು ಎರಡು ಬೀಜಕೇಂದ್ರಗಳು ಎಳೆದು ಹಿಡಿದಿರುತ್ತವೆ, ಹಾಗಾಗಿ ಅದು ಇಕ್ಕಟ್ಟಾಗಿ ಉದ್ದಕ್ಕಿರುತ್ತದೆ. ಬಂಧವಿಲ್ಲದ ಜೋಡಿಗೆ ಒಂದೇ ಬೀಜಕೇಂದ್ರ. ಅದು ಪರಮಾಣುವಿನ ಹತ್ತಿರವೇ ಅಗಲವಾಗಿ ಹರಡಿಕೊಂಡು ಪಕ್ಕದವನ್ನು ನೂಕುತ್ತದೆ. ದೊಡ್ಡ ಬಲೂನು ಕಟ್ಟಿದ್ದು ಸರಿಯಾಗಿಯೇ ಇದೆ.

ಸಂಕರಣವೇ ಆಕಾರ ಕೊಡುವುದಾದರೆ ಹೈಡ್ರೋಜನ್ ಸಲ್ಫೈಡಿಗೆ ಏನು ಹೇಳುತ್ತೀರಿ? ಗಂಧಕ ಆಮ್ಲಜನಕದ ಗುಂಪಿನದೇ, ಎರಡು ಬಂಧ, ಎರಡು ಬಂಧವಿಲ್ಲದ ಜೋಡಿ. ಕೋನ ಮಾತ್ರ 92 ಡಿಗ್ರಿ. ಪಿ ಕಕ್ಷಕಗಳನ್ನು ಏನೂ ಬೆರೆಸದೆ ಹಾಗೇ ಬಿಟ್ಟರೂ ಹೆಚ್ಚುಕಡಿಮೆ ಅದೇ ಉತ್ತರ. ಮೀಥೇನಿನಿಂದ ಎಲೆಕ್ಟ್ರಾನುಗಳನ್ನು ಹೊಡೆದು ಹೊರಗೆಡಹಿ ಅವುಗಳ ಶಕ್ತಿ ಅಳೆದರೂ ಹೊರಕವಚದ ನಾಲ್ಕು ಜೋಡಿಗಳು ಒಂದೇ ಮಟ್ಟದಲ್ಲಿ ಸಿಗುವುದಿಲ್ಲ, ಎರಡು ಬೇರೆ ಮಟ್ಟಗಳು ಕಾಣುತ್ತವೆ. ಸಂಕರಣ ಒಳ್ಳೆಯ ಲೆಕ್ಕದ ಭಾಷೆ. ಎಥಿಲೀನ್ ಚಪ್ಪಟೆ ಏಕೆ, ಅಸಿಟಿಲೀನ್ ನೇರ ಏಕೆ ಎಂದು ಹೇಳಲು ಇಂದಿಗೂ ಅದೇ ಬೇಕು. ಆದರೆ ‘ಸಂಕರಣದಿಂದ ಆಕಾರ’ ಅಲ್ಲ, ‘ಆಕಾರವನ್ನು ಸಂಕರಣದಿಂದ ವಿವರಿಸುತ್ತಾರೆ’. ನೀವೆಲ್ಲ ಜಗಳ ಆಡುತ್ತಿರುವುದು ನಾಮಪದಕ್ಕೆ, ಎಡವಿರುವುದು ಕ್ರಿಯಾಪದದಲ್ಲಿ.

ಲೋನ್ ಪೇರಿಗೆ ನಾನು ತರಗತಿಯಲ್ಲಿ ‘ಬಿಡಿ ಜೋಡಿ’ ಅನ್ನುತ್ತಿದ್ದೆ. ಹೂವಿನ ಮಾರ್ಕೆಟ್ಟಿನಲ್ಲಿ ಬಿಡಿ ಹೂವು, ಕಟ್ಟಿದ ಹೂವು ಅನ್ನುವುದಿಲ್ಲವೆ? ಹಾಗೆ. ಒಂದು ಕಟ್ಟಿನೊಳಗೆ ಸೇರಿದೆ, ಇನ್ನೊಂದು ಸೇರಿಲ್ಲ.

*

ಅ. ನಾ., ಮೈಸೂರು

ರಸಾಯನಶಾಸ್ತ್ರ ತಿಳಿಸಿದ್ದಕ್ಕೆ ಧನ್ಯವಾದ. ಇದು ಪದಚರ್ಚೆಯ ಗುಂಪಾದ್ದರಿಂದ ಪದಕ್ಕೆ ಬರುತ್ತೇನೆ.

‘ಸಂಕರ’ ಎಷ್ಟು ನಿಖರವಾದ ಪದ ಎಂಬುದನ್ನು ಇಲ್ಲಿ ಯಾರೂ ಗಮನಿಸಿಲ್ಲ. ಅಲಂಕಾರಶಾಸ್ತ್ರದಲ್ಲಿ ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಎಳ್ಳು ಅಕ್ಕಿಯಂತೆ ಬೇರೆಬೇರೆಯಾಗಿ ಗುರುತು ಸಿಗುವಂತೆ ಸೇರಿದ್ದರೆ ಅದು ಸಂಸೃಷ್ಟಿ, ಹಾಲು ನೀರಿನಂತೆ ಬೆರೆತಿದ್ದರೆ ಸಂಕರ. ಎಸ್ ಪಿಗಳು ಬೆರೆತ ಮೇಲೆ ಯಾವುದು ಎಸ್ ಯಾವುದು ಪಿ ಎಂದು ಬಿಡಿಸಿ ಹೇಳಲಾಗದು. ಆದ್ದರಿಂದ ಸಂಕರವೇ. ‘ಬೆರಕೆ’ಗೆ ಈ ವಿವೇಕ ಎಲ್ಲಿದೆ?

*

ವಿ. ಭ., ಮಂಗಳೂರು

ಬಿಡಿಸಿ ಹೇಳಬಹುದು. ನಾಲ್ಕು ಹಾಕಿದರೆ ನಾಲ್ಕೇ ಬರುತ್ತವೆ, ಪ್ರತಿಯೊಂದರಲ್ಲೂ ಒಂದು ಪಾಲು ಎಸ್, ಮೂರು ಪಾಲು ಪಿ. ಲೆಕ್ಕವನ್ನು ತಿರುಗಿಸಿದರೆ ಮೊದಲಿನ ಎಸ್ಸೂ ಮೂರು ಪಿಗಳೂ ಹಾಗೇ ವಾಪಸ್. ಹಾಲಿನಿಂದ ನೀರನ್ನು ಹಾಗೆ ತೆಗೆದುಕೊಡಿ ನೋಡೋಣ.

*

ಅ. ನಾ., ಮೈಸೂರು

ಹಂಸಕ್ಕೆ ಸಾಧ್ಯ.

*

ಲ. ಕೃ., ಬೆಂಗಳೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ‘ಸಂಕರ’ ಎಂದ ಕೂಡಲೆ ನನ್ನಂಥವರಿಗೆ ಅಲಂಕಾರಶಾಸ್ತ್ರ ನೆನಪಾಗುವುದಿಲ್ಲ. ಗೀತೆಯ ಮೊದಲನೇ ಅಧ್ಯಾಯದ ವರ್ಣಸಂಕರ ನೆನಪಾಗುತ್ತದೆ. ಬೆರೆತರೆ ನರಕ ಎಂದು ಹೇಳುವ ಆ ಪದವನ್ನು ಸರ್ಕಾರಿ ಶಾಲೆಯ ಗೋಡೆಗೆ ಯಾಕೆ ತೂಗುಹಾಕಬೇಕು? ಮಿಶ್ರಣ ಅನ್ನಿ, ಕೂಡಿಕೆ ಅನ್ನಿ.

*

ಅ. ನಾ., ಮೈಸೂರು

ಆ ಮಾತು ಅರ್ಜುನನದು, ಕೃಷ್ಣನದಲ್ಲ. ಇನ್ನು ‘ಮಿಶ್ರಣ’ ಎಂದರೆ ರಸಾಯನಶಾಸ್ತ್ರದಲ್ಲಿ ಉಪ್ಪು-ಮರಳು. ಅದು ಆಗಲೇ ಖರ್ಚಾಗಿರುವ ಪದ.

*

ಗು. ಪಾ., ಧಾರವಾಡ

ಇಷ್ಟ್ಯಾಕ ಗುದ್ದಾಟ? ವರಲಕ್ಷ್ಮಿ ಹತ್ತಿ ನಮ್ಮ ಧಾರವಾಡದಾಗ 1972ಕ್ಕ ಬಂತು. ರೈತರು ಸಂಕರಣ ಅನ್ನಲಿಲ್ಲ, ಬೆರಕೆ ಅನ್ನಲಿಲ್ಲ. ಹೈಬ್ರಿಡ್ ಹತ್ತಿ ಅಂದ್ರು, ಬಿತ್ತಿದ್ರು. ಹೈಬ್ರಿಡ್ ಜ್ವಾಳ, ಹೈಬ್ರಿಡ್ ಟೊಮೆಟೊ. ಸಂತಿಯೊಳಗ ಮಾರೋ ಮುದುಕಿಗೂ ತಿಳಿಯೂ ಪದ. ‘ಹೈಬ್ರಿಡ್ ಕಕ್ಷಕ’ ಅಂತ ಹಾಕ್ರಿ, ಮುಗೀತು.

*

ಬ. ರಾ., ಶಿವಮೊಗ್ಗ

ಸಂತೆಯಲ್ಲಿ ಹೈಬ್ರಿಡ್ ಎಂದರೆ ರುಚಿ ಕಡಿಮೆ ಅಂತಲೂ ಅರ್ತ. ನಾಟಿ ಇದ್ದರೆ ಕೊಡಿ ಅನ್ನುತ್ತಾರೆ. ಹೊರಗಿನ ಪದ ಬಂದರೆ ಅದರ ಹಿಂದೆ ಏನೇನು ಬರುತ್ತದೋ ಅದನ್ನೂ ಹೊರಬೇಕು. ಇಂಗ್ಲೀಶು ಆಗಲಿ ಸಂಸ್ಕ್ರುತ ಆಗಲಿ.

*

ಲ. ಕೃ., ಬೆಂಗಳೂರು

ಹಾಗಾದರೆ ‘ಅಣು’ವಿನ ಗತಿ ಏನು? ಪಠ್ಯದಲ್ಲಿ ಅಣು ಬೇರೆ, ಪರಮಾಣು ಬೇರೆ. ಪೇಪರಿನಲ್ಲಿ ಅಣುಬಾಂಬು, ಕೈಗಾ ಅಣುಸ್ಥಾವರ, ಅಲ್ಲಿ ಅಣು ಎಂದರೆ ಪರಮಾಣು. ಕಳೆವಣಿಯವರು ಅಣುವನ್ನೇ ಪರಮಾಣುವಿನ ಅರ್ಥದಲ್ಲಿಟ್ಟು ಪಠ್ಯದ ಅಣುವಿಗೆ ‘ಅಣುಕೂಟ’ ಅನ್ನುತ್ತಾರೆ. ಒಂದೇ ಊರಿನಲ್ಲಿ ಮೂರು ಅಳತೆಯ ಸೇರು. ‘ಅಣುಗಳ ಆಕಾರ’ ಎಂಬ ಫ್ಲೆಕ್ಸ್ ನೋಡಿ ಯಾರಾದರೂ ಬಾಂಬಿನ ಆಕಾರ ಹುಡುಕಿದರೆ ಅವರದೇನು ತಪ್ಪು?

*

ಬ. ರಾ., ಶಿವಮೊಗ್ಗ

ಅಣುಕೂಟವೇ ಸರಿ ಅಂತ ಇದರಿಂದಲೇ ತಿಳಿಯುತ್ತದಲ್ಲ. ಮಂಗಳೂರಿನವರ ‘ಬಿಡಿ’ ನಮ್ಮದೇ ಪದ, ಸಂತೋಶ. ಆದರೆ ಬಿಡಿ ಎಂದರೆ ಬಿಟ್ಟುಹೋದದ್ದು ಎಂದೂ ಆಗುತ್ತದೆ. ಆ ಜೋಡಿ ಅಣುವನ್ನು ಬಿಟ್ಟು ಹೋಗಿದೆಯೇ?

*

ವಿ. ಭ., ಮಂಗಳೂರು

ಹೋಗಿಲ್ಲ. ಬೇಕೆಂದಾಗ ಬೇರೆಯದಕ್ಕೆ ಕಟ್ಟಿಕೊಳ್ಳುತ್ತದೆ. ಅಮೋನಿಯದ ಬಿಡಿ ಜೋಡಿ ಆಮ್ಲದ ಪ್ರೋಟಾನು ಸಿಕ್ಕ ಕೂಡಲೆ ಅದನ್ನು ಹಿಡಿದುಕೊಂಡು ಅಮೋನಿಯಂ ಆಗುತ್ತದೆ. ನಾಲ್ಕೂ ಈಗ ಕಟ್ಟಿದ ಜೋಡಿ, ಕೋನ ಮತ್ತೆ 109.5. ಬುಟ್ಟಿಯಲ್ಲಿರುವ ಬಿಡಿ ಹೂವೂ ಬುಟ್ಟಿ ಬಿಟ್ಟು ಓಡಿಹೋಗಿರುವುದಿಲ್ಲವಲ್ಲ.

*

ಸು. ಮ., ಚನ್ನರಾಯಪಟ್ಟಣ

ಎಲ್ಲರಿಗೂ ವಂದನೆಗಳು. ಫ್ಲೆಕ್ಸ್ ಅಂಗಡಿಯವರು ಎರಡು ಸಲ ಫೋನ್ ಮಾಡಿದ್ದರಿಂದ ಇನ್ನು ಕಾಯಲಾಗಲಿಲ್ಲ. ಕೊನೆಗೆ ಕೊಟ್ಟದ್ದು ಇದು:

“ಮಧ್ಯದ ಪರಮಾಣುವಿನ ಸುತ್ತ ಇರುವ ಎಲೆಕ್ಟ್ರಾನ್ ಜೋಡಿಗಳು ಒಂದರಿಂದೊಂದು ದೂರ ಸರಿದು ನಿಲ್ಲುತ್ತವೆ. ಅಣುವಿನ ಆಕಾರವನ್ನು ಇದರಿಂದ ಊಹಿಸಬಹುದು. ಬಿಡಿ ಜೋಡಿಗೆ ಹೆಚ್ಚು ಜಾಗ ಬೇಕು. ಅದು ಕಟ್ಟಿದ ಜೋಡಿಗಳನ್ನು ಒತ್ತರಿಸುತ್ತದೆ. ಮೀಥೇನ್ 109.5, ಅಮೋನಿಯ 107, ನೀರು 104.5 ಡಿಗ್ರಿ. ಇದೇ ಆಕಾರಗಳನ್ನು ಕಕ್ಷಕಗಳ ಸಂಕರಣ (ಹೈಬ್ರಿಡೈಸೇಶನ್) ಎಂಬ ಲೆಕ್ಕದಿಂದಲೂ ವಿವರಿಸುತ್ತಾರೆ.”

ಹೆಡ್‌ಮಾಸ್ಟರು ‘ಬಿಡಿ ಜೋಡಿ’ಗೆ ನಗಲಿಲ್ಲ. ‘ಎಸ್‌ಪಿ3’ (ಒಂದು ಎಸ್, ಮೂರು ಪಿ ಸೇರಿದ ಕಕ್ಷಕ) ಎಂಬುದನ್ನು ಓದಿ ಮಾತ್ರ, ಮೂರನೇ ಎಸ್‌ಪಿ ಸಾಹೇಬರು ಯಾರು ಎಂದು ಕೇಳಿದರು. ಅದನ್ನು ತೆಗೆದುಬಿಟ್ಟೆ.

*

ಬ. ರಾ., ಶಿವಮೊಗ್ಗ

ಕಳೆವಣಿಯನ್ನು ಯಾರೂ ಮುಟ್ಟಲಿಲ್ಲ. ಗಮನಿಸಿದ್ದೇನೆ.

*

ಅ. ನಾ., ಮೈಸೂರು

‘ಸಂಕರಣ’ ಉಳಿದದ್ದು ಸಂತೋಷ. ಆದರೆ ‘ಜೋಡಿಗಳನ್ನು ಒತ್ತರಿಸುತ್ತದೆ’ ಎಂಬ ಪ್ರಯೋಗ ನನಗೆ ಒಪ್ಪಿಗೆಯಿಲ್ಲ. ‘ದುಃಖ ಒತ್ತರಿಸಿ ಬಂತು’ ಎನ್ನುವಲ್ಲಿ ಅದು ಅಕರ್ಮಕ. ಬೇರೆ ವಿಷಯಸಾಲಿನಲ್ಲಿ ಬರೆಯುತ್ತೇನೆ, ರಸಾಯನಶಾಸ್ತ್ರದವರು ದಯವಿಟ್ಟು ಅಲ್ಲಿಗೆ ಬರುವುದು ಬೇಡ.