ಸಹಾಯ ಬೇಕು: ವೈಕಿಂಗ್ ಹಡಗಿನಲ್ಲಿ ಟೈಮ್ ಮಷೀನ್ ಎಲ್ಲಿ ಬಚ್ಚಿಡಲಿ?

ಒಂದು ಟೈಮ್ ಟ್ರಾವೆಲ್ ಕಥೆ ಬರೆಯುತ್ತಿದ್ದೇನೆ. ನಾಯಕಿ ಈ ಕಾಲದ ಇಂಜಿನಿಯರ್. ಬಂದು ಬೀಳುವುದು 1042ರ ಡಬ್ಲಿನ್‌ನಲ್ಲಿ, ಆಗಷ್ಟೇ ನೀರಿಗಿಳಿದ ಯುದ್ಧದ ಹಡಗಿನೊಳಗೆ. ಹಡಗು ಮಾತ್ರ ನಿಜದ್ದೇ. ಡೆನ್ಮಾರ್ಕಿನ ರೋಸ್ಕಿಲ್ಡೆ ಬಳಿ 1962ರಲ್ಲಿ ಅಗೆದು ತೆಗೆದ ಸ್ಕುಲ್ಡೆಲೆವ್ 2. ಓಕ್ ಮರದ್ದು, ಸುಮಾರು 30 ಮೀಟರ್ ಉದ್ದ, 60 ಹುಟ್ಟು. ಇದರ ಪ್ರತಿರೂಪ 2007ರಲ್ಲಿ ಡಬ್ಲಿನ್‌ವರೆಗೆ ಹೋಗಿತ್ತು ಕೂಡ.

ತೊಂದರೆ ಏನಂದ್ರೆ, ಈ ಹಡಗಿನಲ್ಲಿ ಕೋಣೆ ಅನ್ನೋದೇ ಇಲ್ಲ. ಅರವತ್ತಕ್ಕಿಂತ ಜಾಸ್ತಿ ಜನ, ಎಲ್ಲಾ ಬಯಲಲ್ಲೇ. ಮಷೀನ್ ಎಲ್ಲಿ ಅಡಗಿಸಲಿ?

ಹಾಯಿದೋಣಿ ನಡೆಸಿದವರು ಯಾರಾದ್ರೂ ಇದ್ದೀರಾ? ಇರುವುದು ಒಂದೇ ಚೌಕದ ಹಾಯಿ. ಎದುರುಗಾಳಿ ಬಂದರೆ ಹಾಯಿ ಇಳಿಸಿ ಹುಟ್ಟು ಹಾಕೋದೇ ಸರಿನಾ? ಬಲಗಡೆಯ ಚುಕ್ಕಾಣಿಯನ್ನು ಬಿರುಗಾಳಿಯಲ್ಲಿ ಅವಳೊಬ್ಬಳೇ ಹಿಡಿದು ನಿಲ್ಲಬಹುದಾ?

(ಕೊಂಬಿನ ಹೆಲ್ಮೆಟ್ ಹಾಕಿಸಲ್ಲ, ಅದು ಸುಮ್ನೆ 19ನೇ ಶತಮಾನದ ಕಲ್ಪನೆ.)