ಡಿಸ್ಕ್ ಸಿಕ್ಕಿಸಿದ ಕೂಡಲೇ ಬ್ಯಾಕಪ್ ತಾನಾಗಿ ಆಗಬೇಕು: ಅನುಭವ ಹಂಚಿಕೆ

ಕೋರಿಕೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರ ಕಚೇರಿಯಿದ್ದು, ಕಡತಗಳೆಲ್ಲ ಉಬುಂಟು ಹಾಕಿರುವ ಒಂದು ಕಂಪ್ಯೂಟರಿನಲ್ಲಿವೆ. ಸಂಜೆ ಬಾಗಿಲು ಹಾಕುವ ಮುನ್ನ ಯಾರಾದರೊಬ್ಬರು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಸಾಕು, ಬ್ಯಾಕಪ್ ತಾನಾಗಿ ಆಗಬೇಕೆಂಬುದು ನಮ್ಮ ಆಸೆ. ಸಾಧನ ಸಿಕ್ಕಿಸಿದ್ದನ್ನು ಗಮನಿಸುವ ಉಬುಂಟುವಿನ ಭಾಗವಾದ ಯುಡೆವ್‌ಗೆ ನಿಯಮವೊಂದನ್ನು ಬರೆದು, ಅದರ ‘ರನ್’ ಎಂಬಲ್ಲಿ ಬ್ಯಾಕಪ್ ಮಾಡುವ ಸ್ಕ್ರಿಪ್ಟಿನ (ಆದೇಶಗಳ ಕಡತದ) ಹೆಸರು ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದರೆ ಸ್ಕ್ರಿಪ್ಟ್ ಸರಿಯಾಗಿಯೇ ಇದೆ. ಡಿಸ್ಕ್ ಸಿಕ್ಕಿಸಿದಾಗ ಮಾತ್ರ ಒಮ್ಮೆ ಏನೂ ಆಗುವುದಿಲ್ಲ, ಇನ್ನೊಮ್ಮೆ ಎರಡು ಸಲ ಶುರುವಾಗಿ ನಡುವೆಯೇ ನಿಂತುಬಿಡುತ್ತದೆ. ಇಂಥದ್ದನ್ನು ಮಾಡಿ ಬಳಸುತ್ತಿರುವವರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಮುದ್ರಣಾಲಯವೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರ ಉತ್ತರ:

ಮೇಡಂ, ತಾವು ಹೇಳಿದ ತೊಂದರೆಗಳಿಗೆ ಕಾರಣ ಸ್ಕ್ರಿಪ್ಟಿನಲ್ಲಿಲ್ಲ, ಅದನ್ನು ಕರೆಯುವ ಜಾಗದಲ್ಲಿದೆ. ‘ರನ್’ ಇರುವುದು ಕ್ಷಣಾರ್ಧದಲ್ಲಿ ಮುಗಿಯುವ ಕೆಲಸಗಳಿಗಾಗಿ. ಸಾಧನ ಬಂದ ಸುದ್ದಿಯನ್ನು ಯುಡೆವ್ ವಿಲೇವಾರಿ ಮಾಡಿ ಮುಗಿಸಿದೊಡನೆ, ಆ ಸುದ್ದಿಯಿಂದ ಹುಟ್ಟಿದ ಪ್ರೋಗ್ರಾಮುಗಳೆಲ್ಲವನ್ನೂ, ಹಿನ್ನೆಲೆಗೆ ಕಳಿಸಿದ್ದರೂ ಬಿಡದೆ, ಕೊಂದುಹಾಕುತ್ತದೆ. ಮುಂದೆಯೇ ಓಡುತ್ತಿದ್ದರೂ ಪೂರ್ವನಿಗದಿಯಂತೆ 180 ಸೆಕೆಂಡು ಮೀರಿದರೆ ಉಳಿಗಾಲವಿಲ್ಲ. ಅದೂ ಅಲ್ಲದೆ ಈಚಿನ ಆವೃತ್ತಿಗಳಲ್ಲಿ ಯುಡೆವ್ ತನ್ನದೇ ಬೇಲಿಯೊಳಗೆ ಓಡುವುದರಿಂದ, ಅಲ್ಲಿಂದ ಡಿಸ್ಕ್ ಮೌಂಟ್ ಮಾಡುವುದಕ್ಕಾಗಲಿ (ಅಂದರೆ ಅದರ ಕಡತಗಳು ಒಂದು ಫೋಲ್ಡರಿನಲ್ಲಿ ಸಿಗುವಂತೆ ಜೋಡಿಸುವುದಕ್ಕಾಗಲಿ) ನೆಟ್‌ವರ್ಕ್ ಮುಟ್ಟುವುದಕ್ಕಾಗಲಿ ಅವಕಾಶವಿಲ್ಲ.

ಎರಡು ಸಲ ಶುರುವಾಗುವುದಕ್ಕೆ ಕಾರಣ ಬೇರೆ. ಒಂದು ಡಿಸ್ಕ್ ಸಿಕ್ಕಿಸಿದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಿಂದ ಬರುವ ಸುದ್ದಿ ಒಂದಲ್ಲ: ಯುಎಸ್‌ಬಿ ಸಾಧನಕ್ಕೊಂದು, ಇಡೀ ಡಿಸ್ಕಿಗೊಂದು, ಅದರೊಳಗಿನ ವಿಭಾಗಕ್ಕೆ, ಅಂದರೆ ಪಾರ್ಟಿಷನ್‌ಗೊಂದು, ಹೀಗೆ ಸಾಲಾಗಿ ಬರುತ್ತವೆ. ‘ಯುಡೆವ್‌ಆಡ್ಮ್ ಮಾನಿಟರ್’ ಎಂಬ ಆದೇಶ ಕೊಟ್ಟು, ಡಿಸ್ಕ್ ಸಿಕ್ಕಿಸಿ, ಪರದೆಯನ್ನು ಒಮ್ಮೆ ನೋಡಿ. ತಯಾರಕರ ಸಂಖ್ಯೆಯನ್ನು ಹಿಡಿದು ನಿಯಮ ಬರೆದಿದ್ದರೆ ಅವುಗಳಲ್ಲಿ ಹಲವಕ್ಕೆ ಅದು ಹೊಂದಿಕೊಳ್ಳುತ್ತದೆ. ಆದ್ದರಿಂದ ಫೈಲ್‌ಸಿಸ್ಟಮ್ಮಿನ ಗುರುತಿನ ಸಂಖ್ಯೆಯಾದ ಯುಯುಐಡಿಯನ್ನೇ ಹಿಡಿಯಿರಿ. ಅದು ಆ ಒಂದು ಪಾರ್ಟಿಷನ್‌ಗೆ ಮಾತ್ರ ಸೇರಿದ್ದು. ‘ಎಲ್‌ಎಸ್‌ಬಿಎಲ್‌ಕೆ’ ಆದೇಶಕ್ಕೆ ‘ಎಫ್’ ಆಯ್ಕೆ ಕೊಟ್ಟರೆ ಅದು ಕಾಣಿಸುತ್ತದೆ. ನಿಯಮದ ಕಡತದ ಹೆಸರು 99ರಿಂದ ಆರಂಭವಾಗಲಿ, ಏಕೆಂದರೆ ಯುಯುಐಡಿಯನ್ನು ಓದಿಕೊಡುವ ನಿಯಮ 60ನೆಯ ಕ್ರಮಾಂಕದ ಕಡತದಲ್ಲಿದ್ದು, ಅದಕ್ಕಿಂತ ಮುಂಚೆ ನಮ್ಮ ನಿಯಮ ಬಂದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಇನ್ನು ಮುಖ್ಯ ಬದಲಾವಣೆ. ‘ರನ್’ ತೆಗೆದುಹಾಕಿ, ನಿಯಮದಲ್ಲಿ ‘ಸಿಸ್ಟಮ್‌ಡಿ’ ಎಂಬ ಟ್ಯಾಗ್ ಸೇರಿಸಿ, ‘ಸಿಸ್ಟಮ್‌ಡಿ ವಾಂಟ್ಸ್’ ಎಂಬುದಕ್ಕೆ ತಮ್ಮ ಸ್ಕ್ರಿಪ್ಟನ್ನು ಓಡಿಸುವ ಸರ್ವಿಸ್ ಕಡತವೊಂದನ್ನು ಬರೆದು ಅದರ ಹೆಸರು ಕೊಡಿ. ಸಿಸ್ಟಮ್‌ಡಿ ಎಂದರೆ ಇಂಥ ಸರ್ವಿಸುಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಮು. ಯುಡೆವ್ ಕದ ತಟ್ಟುವ ಕೆಲಸವಷ್ಟನ್ನೇ ಮಾಡಲಿ, ಬ್ಯಾಕಪ್ಪಿನ ಹೊಣೆ ಸಿಸ್ಟಮ್‌ಡಿಗಿರಲಿ. ಸರ್ವಿಸ್ ‘ಒನ್‌ಶಾಟ್’ (ಒಮ್ಮೆ ಓಡಿ ಮುಗಿಯುವ) ಬಗೆಯದಾಗಿದ್ದರೆ ಅದಕ್ಕೆ ಪೂರ್ವನಿಗದಿಯ ಸಮಯಮಿತಿ ಇಲ್ಲ. ಗಂಟೆಗಟ್ಟಲೆ ನಕಲು ನಡೆದರೂ ಯಾರೂ ನಿಲ್ಲಿಸುವುದಿಲ್ಲ. ಅಂತರ್ಜಾಲದ ಹಲವು ಮಾದರಿಗಳಲ್ಲಿ ‘ರಿಮೇನ್ ಆಫ್ಟರ್ ಎಕ್ಸಿಟ್’ ಎಂಬ ಸಾಲು ಇರುತ್ತದೆ. ಅದನ್ನು ಇಡಬೇಡಿ. ಇಟ್ಟರೆ ಕೆಲಸ ಮುಗಿದ ಮೇಲೂ ಸರ್ವಿಸ್ ಚಾಲ್ತಿಯಲ್ಲಿದೆಯೆಂದೇ ದಾಖಲಾಗಿ, ಮರುದಿನ ಡಿಸ್ಕ್ ಸಿಕ್ಕಿಸಿದಾಗ ಅದು ಮತ್ತೆ ಓಡುವುದಿಲ್ಲ.

ಮೌಂಟ್ ವಿಷಯದಲ್ಲಿ ಜನ ಬಹಳ ಹೊತ್ತು ಕಳೆಯುತ್ತಾರೆ. ಪಾರ್ಟಿಷನ್ ಬಂದ ಸುದ್ದಿ ಯುಡೆವ್‌ಗೆ ತಲುಪುವ ಹೊತ್ತಿಗೆ ಡೆಸ್ಕ್‌ಟಾಪ್ ಇನ್ನೂ ಅದನ್ನು ಮೌಂಟ್ ಮಾಡಿರುವುದಿಲ್ಲ. ಸ್ಕ್ರಿಪ್ಟ್ ಹುಡುಕುವ ಫೋಲ್ಡರ್ ಆಗ ಇರುವುದೇ ಇಲ್ಲ. ಹತ್ತು ಸೆಕೆಂಡು ಕಾಯುವಂತೆ ಸ್ಕ್ರಿಪ್ಟಿನಲ್ಲಿ ಬರೆಯುವುದು ನನಗೆ ಸರಿಕಾಣದ ಪರಿಹಾರ. ಡೆಸ್ಕ್‌ಟಾಪಿನ ಮೌಂಟ್ ಯೂನಿಟ್ಟಿಗೇ (ಆ ಮೌಂಟಿಗೆ ಸಿಸ್ಟಮ್‌ಡಿ ಮಾಡಿಕೊಳ್ಳುವ ಘಟಕಕ್ಕೇ) ಸರ್ವಿಸನ್ನು ಕಟ್ಟಿಹಾಕುವ ದಾರಿಯೂ ಇದೆ, ಆದರೆ ಆ ಯೂನಿಟ್ಟಿನ ಹೆಸರು ಡಿಸ್ಕಿನ ಲೇಬಲ್ಲಿನಿಂದ ಹುಟ್ಟುತ್ತದೆ. ಡಿಸ್ಕಿಗೆ ‘ದಾಖಲೆ’ ಎಂದು ಕನ್ನಡದಲ್ಲಿಯೇ ಲೇಬಲ್ ಕೊಟ್ಟಿದ್ದರೆ ಏನಾಗುತ್ತದೆ ನೋಡಿ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವರಚಿಹ್ನೆಗೂ ಮೂರು ಬೈಟ್ ಬೇಕು, ಸಿಸ್ಟಮ್‌ಡಿ ಪ್ರತಿ ಬೈಟನ್ನೂ ನಾಲ್ಕು ಚಿಹ್ನೆಗಳಲ್ಲಿ ಬಿಡಿಸಿ ಬರೆಯುತ್ತದೆ, ಹೀಗೆ ‘ದಾಖಲೆ’ ಎಂಬ ಪುಟ್ಟ ಪದ ಯೂನಿಟ್ಟಿನ ಹೆಸರಿನಲ್ಲಿ 60 ಚಿಹ್ನೆಗಳ ಸಾಲಾಗುತ್ತದೆ. ಅದನ್ನು ತಪ್ಪಿಲ್ಲದೆ ಟೈಪ್ ಮಾಡುವ ತಾಳ್ಮೆ ಯಾರಿಗಿದೆ? ನಾನು ಸ್ಕ್ರಿಪ್ಟಿನಲ್ಲಿಯೇ ಯುಯುಐಡಿ ಮೂಲಕ ಒಂದು ಗೊತ್ತಾದ ಫೋಲ್ಡರಿಗೆ ಮೌಂಟ್ ಮಾಡಿಸುತ್ತೇನೆ. ಡೆಸ್ಕ್‌ಟಾಪ್ ನಡುವೆ ಕೈಹಾಕದಂತೆ ಅದೇ ನಿಯಮದಲ್ಲಿ ‘ಯುಡಿಸ್ಕ್ಸ್ ಆಟೊ’ ಎಂಬುದನ್ನು ಸೊನ್ನೆ ಮಾಡಿದರಾಯಿತು. ಮೌಂಟ್ ಆಗದಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುವಂತೆಯೂ ಬರೆಯಿರಿ. ಇಲ್ಲವಾದರೆ ಬ್ಯಾಕಪ್ ಎಲ್ಲವೂ ಆ ಖಾಲಿ ಫೋಲ್ಡರಿಗೆ, ಅಂದರೆ ಕಂಪ್ಯೂಟರಿನ ಸ್ವಂತ ಡಿಸ್ಕಿಗೇ ತುಂಬಿಕೊಳ್ಳುತ್ತದೆ.

ಸರ್ವಿಸ್ ಓಡುವುದು ರೂಟ್ ಅಧಿಕಾರದಲ್ಲಿ, ಅಂದರೆ ಕಂಪ್ಯೂಟರಿನ ಮೇಲಿನ ಪೂರ್ಣ ಅಧಿಕಾರದಲ್ಲಿ, ತಮ್ಮ ಟರ್ಮಿನಲ್ಲಿನ ಪರಿಸರವಿಲ್ಲದೆ. ಹೀಗಾಗಿ ಕಡತಗಳಿಗೂ ಆದೇಶಗಳಿಗೂ ಪೂರ್ಣ ಹಾದಿ ಕೊಡುವುದು ಕ್ಷೇಮ.

ಮತ್ತೊಬ್ಬರ ಸೇರ್ಪಡೆ:

ಡಿಸ್ಕ್ ಯಾವ ಬಗೆಯಲ್ಲಿ ಫಾರ್ಮ್ಯಾಟ್ ಆಗಿದೆಯೆಂಬುದನ್ನೂ ನೋಡಿಕೊಳ್ಳಿ. ಫ್ಯಾಟ್32 ಆಗಿದ್ದರೆ 4 ಜಿಬಿ ತಲುಪಿದ ಕಡತ ಅದರಲ್ಲಿ ಹಿಡಿಯದು. ಕಡತ ತಿದ್ದಿದ ಸಮಯವನ್ನೂ ಅದು ಎರಡು ಸೆಕೆಂಡಿನ ಅಂತರದಲ್ಲಿ ಮಾತ್ರ ಬರೆದಿಡುವುದರಿಂದ, ಬದಲಾದ ಕಡತಗಳನ್ನಷ್ಟೇ ನಕಲಿಸುವ ಆರ್‌ಸಿಂಕ್ ಪ್ರೋಗ್ರಾಮಿಗೆ ಬದಲಾಗದ ಕಡತವೂ ಬದಲಾದಂತೆ ಕಂಡು ಮತ್ತೆ ನಕಲಾಗುತ್ತದೆ. ‘ಮಾಡಿಫೈ ವಿಂಡೋ’ ಆಯ್ಕೆಗೆ 1 ಎಂದು ಕೊಟ್ಟರೆ ಇದು ತಪ್ಪುತ್ತದೆ. ಡಿಸ್ಕ್ ಈ ಕಂಪ್ಯೂಟರಿಗೆ ಮಾತ್ರ ಮೀಸಲಾಗಿದ್ದರೆ ಎಕ್ಸ್‌ಟ್4 ಮಾಡಿಬಿಡಿ.

ಕಾಲೇಜು ಪ್ರಯೋಗಾಲಯದ ಉಸ್ತುವಾರಿಯೊಬ್ಬರ ಉತ್ತರ:

ನಮ್ಮಲ್ಲಿರುವುದು ವಿಂಡೋಸ್, ಅದನ್ನು ಬಳಸುವವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಪೆನ್‌ಡ್ರೈವಿನಲ್ಲಿ ಆಟೊರನ್ ಕಡತವಿಟ್ಟರೆ ಸಾಕೆಂದು ಈಗಲೂ ಕೆಲವರು ಸಲಹೆ ಕೊಡುತ್ತಾರೆ. ವಿಂಡೋಸ್ 95ರ ಜೊತೆ ಬಂದ ಆ ಸೌಲಭ್ಯವನ್ನು ಹುಳುಗಳು, ಅಂದರೆ ತಾವಾಗಿ ಹರಡುವ ದುಷ್ಟ ಪ್ರೋಗ್ರಾಮುಗಳು, ಚೆನ್ನಾಗಿ ಬಳಸಿಕೊಂಡವು. 2008ರ ಕಾನ್‌ಫಿಕರ್ ಹರಡಿದ ದಾರಿಗಳಲ್ಲಿ ಇದೂ ಒಂದು. ವಿಂಡೋಸ್ 7ರಲ್ಲಿ ಪೆನ್‌ಡ್ರೈವುಗಳ ಮಟ್ಟಿಗೆ ಅದನ್ನು ನಿಲ್ಲಿಸಲಾಯಿತು, 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾಗಳಿಗೂ ಅದೇ ತಿದ್ದುಪಡಿ ಬಂತು. ಈಗ ನಾವು ಮಾಡುವುದೇನೆಂದರೆ, ಪವರ್‌ಶೆಲ್ ಸ್ಕ್ರಿಪ್ಟೊಂದು ‘ವಿನ್32 ವಾಲ್ಯೂಮ್ ಚೇಂಜ್ ಈವೆಂಟ್’ಗಾಗಿ ಕಾದಿದ್ದು, ಘಟನೆಯ ಬಗೆ 2, ಅಂದರೆ ಸಾಧನದ ಆಗಮನ, ಎಂದು ಕಂಡಾಗ ವಾಲ್ಯೂಮಿನ (ಡ್ರೈವಿನ) ಗುರುತು ನೋಡಿ ಮುಂದುವರಿಯುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಮ್‌ಡಿಯಂಥದ್ದೇ ಆದ ಲಾಂಚ್‌ಡಿಯ ‘ಸ್ಟಾರ್ಟ್ ಆನ್ ಮೌಂಟ್’ ಇದೆ, ಆದರೆ ಯಾವ ಡಿಸ್ಕ್ ಮೌಂಟ್ ಆದರೂ ಅದು ಓಡುತ್ತದೆ. ಹೆಸರು ನೋಡಿ ಬೇರ್ಪಡಿಸುವ ಕೆಲಸ ಸ್ಕ್ರಿಪ್ಟಿನದು.

ಕೇಳಿದವರ ಮರುಪ್ರಶ್ನೆ:

ತಿಳಿಸಿದಂತೆ ಬದಲಾಯಿಸಿದ ಮೇಲೆ ಬ್ಯಾಕಪ್ ಪೂರ್ತಿಯಾಗುತ್ತಿದೆ, ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಸ್ಕ್ರಿಪ್ಟನ್ನು ಡಿಸ್ಕಿನಲ್ಲಿಯೇ ಇಟ್ಟರೆ ಬೇರೆ ಕಂಪ್ಯೂಟರಿಗೂ ಅನುಕೂಲವಲ್ಲವೇ? ಕೆಲಸ ಮುಗಿದದ್ದು ಸಿಬ್ಬಂದಿಗೆ ತಿಳಿಯುವುದು ಹೇಗೆ?

ಮೊದಲು ಉತ್ತರಿಸಿದವರಿಂದ:

ಡಿಸ್ಕಿನಲ್ಲಿ ಖಂಡಿತ ಇಡಬೇಡಿ. ಯುಯುಐಡಿ ಗುರುತಿಸಲಿಕ್ಕೆ ಸಾಕು, ನಂಬಲಿಕ್ಕೆ ಸಾಲದು. ಯಾವ ಪೆನ್‌ಡ್ರೈವಿಗೆ ಬೇಕಾದರೂ ಅದೇ ಯುಯುಐಡಿಯನ್ನು ಒಂದು ಆದೇಶದಲ್ಲಿ ಬರೆಯಬಹುದು. ಡಿಸ್ಕಿನೊಳಗಿನ ಸ್ಕ್ರಿಪ್ಟನ್ನು ರೂಟ್ ಅಧಿಕಾರದಲ್ಲಿ ಓಡಿಸುವುದೆಂದರೆ ಆ ಡಿಸ್ಕ್ ಕೈಗೆ ಸಿಕ್ಕವರಿಗೆಲ್ಲ ಕಂಪ್ಯೂಟರನ್ನೇ ಒಪ್ಪಿಸಿದಂತೆ. ಸ್ಕ್ರಿಪ್ಟ್ ಕಂಪ್ಯೂಟರಿನಲ್ಲಿ, ರೂಟ್ ಹೊರತು ಬೇರಾರೂ ತಿದ್ದಲಾಗದ ಜಾಗದಲ್ಲಿರಲಿ.

ಎರಡನೆಯದಕ್ಕೆ ನನ್ನ ಕ್ರಮ ಸರಳ. ನಕಲು ಮುಗಿದ ಮೇಲೆ ಸ್ಕ್ರಿಪ್ಟ್ ಡಿಸ್ಕನ್ನು ಅನ್‌ಮೌಂಟ್ ಮಾಡಿ, ಬಳಿಕ ‘ಯುಡಿಸ್ಕ್ಸ್‌ಸಿಟಿಎಲ್’ನ ‘ಪವರ್ ಆಫ್’ ಆದೇಶದಿಂದ ಅದನ್ನು ಆರಿಸುತ್ತದೆ. ಮೆಮೊರಿಯಲ್ಲಿ ಉಳಿದಿದ್ದ ಬರಹವೆಲ್ಲ ಅನ್‌ಮೌಂಟ್ ಆಗುವಾಗಲೇ ಡಿಸ್ಕಿಗೆ ಇಳಿದಿರುತ್ತದೆ. ನಮ್ಮ ಡಿಸ್ಕಿನಲ್ಲಿ ಆಗ ದೀಪವೂ ಆರುತ್ತದೆ. ದೀಪ ಆರಿದರೆ ಕೀಳಬಹುದೆಂದು ಸಿಬ್ಬಂದಿಗೆ ಹೇಳಿದ್ದೇನೆ. ನಕಲಿನಲ್ಲಿ ದೋಷ ಬಂದರೆ ಸ್ಕ್ರಿಪ್ಟ್ ಆರಿಸುವ ಹಂತಕ್ಕೆ ಹೋಗುವುದೇ ಇಲ್ಲ. ಬಹಳ ಹೊತ್ತಾದರೂ ದೀಪ ಉರಿಯುತ್ತಲೇ ಇದ್ದರೆ ‘ಜರ್ನಲ್‌ಸಿಟಿಎಲ್’ನಲ್ಲಿ ಸರ್ವಿಸಿನ ಹೆಸರು ಕೊಟ್ಟು ನೋಡಿ, ಎಲ್ಲಿ ನಿಂತಿದೆಯೆಂಬುದು ಅಲ್ಲಿ ಬರೆದಿರುತ್ತದೆ.